ಅಪ್ಪನ ಅರ್ಧ ದಾರಿ

ಗೆಳೆಯಾ,

ಅಪ್ಪ ಹೋದ ದಿನ ನೀನು ಫೋನ್ ಮಾಡಿದಾಗ ನಾನು ಸರಿಯಾಗಿ ಮಾತಾಡಲಿಲ್ಲ. ಮನೆ ತುಂಬ ಜನ ಇದ್ದರು. ಒಳಗೆ ಅಮ್ಮ, ಹೊರಗೆ ಶಾಮಿಯಾನ ಕಟ್ಟುವವರು. "ಕೊನೇಲಿ ಏನಾದ್ರೂ ಹೇಳಿದ್ರಾ?" ಅಂತ ನೀನು ಕೇಳಿದೆ. "ಮಾತು ನಿಂತುಹೋಗಿತ್ತು ಕಣೋ" ಅಂದೆ. ಅದು ನಿಜವೇ. ಆದರೆ ಅಷ್ಟೇ ಅಲ್ಲ. ಉಳಿದದ್ದನ್ನು ನಿನಗೆ ಹೇಳಬೇಕು ಅಂತ ಅವತ್ತಿನಿಂದ ಅನ್ನಿಸುತ್ತಲೇ ಇದೆ. ಫೋನಿನಲ್ಲಿ ಹೇಳೋಕೆ ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾವಿಬ್ಬರೂ ಕಲ್ಲು ಹೊತ್ತದ್ದು ನೆನಪಿದೆಯಾ? ಏಳನೇ ಕ್ಲಾಸು. ಡಿಸೆಂಬರ್ 16. ಊರಿಂದ ಶಾಲೆ ಕಡೆಗೆ ಹೋಗುವ ಗಾಡಿ ದಾರಿ ಮಳೆಗಾಲ ಮುಗಿಯುವ ಹೊತ್ತಿಗೆ ಗುಂಡಿ ಗುಂಡಿಯಾಗಿರುತ್ತಿತ್ತು. ತಾಲ್ಲೂಕಿನ ಮಾಜಿ ಸೈನಿಕರು ಅವತ್ತು ಬೆಳಿಗ್ಗೆ ಅಪ್ಪನನ್ನು ಕರೆಯುತ್ತಿದ್ದರು. ಹೋಗಿ, ಮೆಡಲ್ ಹಾಕಿಕೊಂಡು ನಿಂತು, ಶಾಲು ಹೊದಿಸಿಕೊಂಡು ಬರುತ್ತಿದ್ದರು. ಬಂದವರೇ ಶಾಲನ್ನು ಗೂಟಕ್ಕೆ ಹಾಕಿ, ಹಳೇ ಪಂಚೆ ಉಟ್ಟು, ಗುದ್ದಲಿ, ಬುಟ್ಟಿ ತಗೊಂಡು ಆ ದಾರಿಗೆ ಹೊರಟುಬಿಡುತ್ತಿದ್ದರು. ಕತ್ತಲಾಗುವವರೆಗೂ ಗುಂಡಿ ತುಂಬುವುದೇ ಕೆಲಸ. ಮೊದಲು ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು, ಅದರ ಮೇಲೆ ಗರಸು, ಆಮೇಲೆ ನೀರು ಹಾಕಿ ದಮ್ಮಸ್ಸು. ಬರೀ ಮಣ್ಣು ಸುರಿದು ನೀನು ಕೈ ಒರೆಸಿಕೊಂಡಾಗ ಅವರು ಬೈಯಲಿಲ್ಲ. ಸುಮ್ನೆ ಆ ಮಣ್ಣನ್ನೆಲ್ಲ ತೆಗೆದು, ಕಲ್ಲಿಂದ ಮತ್ತೆ ಶುರು ಮಾಡಿದರು. ನೀನು ಮುಖ ಸಣ್ಣ ಮಾಡಿಕೊಂಡು ಕಲ್ಲು ತಂದುಕೊಟ್ಟೆ.

ಊರಿನವರು ಅದನ್ನು ಮಿಲಿಟರಿಯವರ ಹಠ ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಯಾಕೆ ಅದೇ ದಿನ, ಯಾಕೆ ಅದೇ ಕೆಲಸ ಅಂತ ನಾನು ಕೇಳಲೇ ಇಲ್ಲ. ಕೇಳದೆ ಮೂವತ್ತು ವರ್ಷ ಕಳೆಯಿತು. ಕೊನೆಗೆ ಅವರಾಗೇ ಹೇಳಿದರು. ಅಲ್ಲಿಗೆ ಬರುತ್ತೇನೆ.

ಅಪ್ಪ ಹುಟ್ಟಿದ್ದು 1949ರಲ್ಲಿ. ಸೇನೆಗೆ ಸೇರಿದ್ದು 1967ರಲ್ಲಿ, ಹದಿನೆಂಟನೇ ವಯಸ್ಸಿಗೆ. ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿದೆಯಲ್ಲ, ಮದ್ರಾಸ್ ಎಂಜಿನಿಯರ್ ಗ್ರೂಪ್, ಅಲ್ಲಿ ಟ್ರೈನಿಂಗ್. ಅವರನ್ನು ಮದ್ರಾಸ್ ಸ್ಯಾಪರ್ಸ್ ಅನ್ನುತ್ತಾರೆ. 1780ರಲ್ಲಿ ಶುರುವಾದ ಪಡೆ. ಕನ್ನಡ, ತಮಿಳು, ತೆಲುಗು, ಮಲಯಾಳ ಮಾತಾಡುವ ಹುಡುಗರು ಒಂದೇ ಬ್ಯಾರಕ್ಕಿನಲ್ಲಿ. ಇಡೀ ಸೇನೆಯಲ್ಲಿ ಇವರನ್ನು 'ತಂಬಿ' ಅಂತಲೇ ಕರೆಯುವುದು. ಅಪ್ಪನಿಗೆ ವಯಸ್ಸು ಎಪ್ಪತ್ತು ದಾಟಿದ ಮೇಲೂ ಹಳೇ ಜೊತೆಗಾರರು ಫೋನಿನಲ್ಲಿ "ತಂಬೀ" ಅಂದರೆ ಮುಖ ಅರಳುತ್ತಿತ್ತು.

ಸ್ಯಾಪರ್ ಅಂದರೆ ಏನು ಕೆಲಸ ಅಂತ ಚಿಕ್ಕವನಿದ್ದಾಗ ಕೇಳಿದ್ದೆ. "ದಾರಿ ಮಾಡೋದು" ಅಂದಿದ್ದರು. ಸೇತುವೆ ಇಲ್ಲದ ಕಡೆ ಸೇತುವೆ ಕಟ್ಟುವುದು, ರಸ್ತೆ ಇಲ್ಲದ ಕಡೆ ರಸ್ತೆ ಹಾಕುವುದು, ಶತ್ರು ಹೂತಿಟ್ಟ ಮೈನ್, ಅಂದರೆ ನೆಲದೊಳಗಿನ ಬಾಂಬ್, ತೆಗೆದು ಹಿಂದೆ ಬರುವವರಿಗೆ ಜಾಗ ಬಿಡಿಸುವುದು. ಅವರ ಧ್ಯೇಯವಾಕ್ಯ ಒಂದೇ ಪದ, 'ಸರ್ವತ್ರ'. ಅಪ್ಪನ ಸೈಕಲ್ಲಿನ ಹಿಂದಿನ ಮಡ್‌ಗಾರ್ಡ್ ಮೇಲೆ ಬಿಳಿ ಬಣ್ಣದಲ್ಲಿ ಅದನ್ನು ಬರೆದಿತ್ತಲ್ಲ, ಅದು ದೇವರ ಹೆಸರು ಅಂತ ನೀನು ಅಂದುಕೊಂಡಿದ್ದೆ. ನಾನು ಹಾಗಲ್ಲ ಅಂದಿದ್ದೆ. ಅಪ್ಪ ಕೇಳಿಸಿಕೊಂಡು, "ಅವನು ಹೇಳಿದ್ದೂ ತಪ್ಪೇನಲ್ಲ" ಅಂದಿದ್ದರು.

1986ರಲ್ಲಿ ಹವಾಲ್ದಾರ್ ಆಗಿ ನಿವೃತ್ತಿಯಾದರು. ಆಮೇಲಿನದು ನೀನೇ ನೋಡಿದ್ದೀಯ. ಬ್ಯಾಂಕಿನಲ್ಲಿ ಗಾರ್ಡ್ ಕೆಲಸ. ಬೆಳಗಿನಿಂದ ಸಂಜೆವರೆಗೆ ಡಬಲ್ ಬ್ಯಾರೆಲ್ ಬಂದೂಕು ಹಿಡಿದು ಬಾಗಿಲಲ್ಲಿ ನಿಲ್ಲುವುದು. ಸ್ಟೂಲ್ ಕೊಟ್ಟಿದ್ದರು, ಆದರೂ ಕೂರುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಹೊಲ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತೋ ಆವಾಗ ಮೋಟರು ಹಾಕಬೇಕು. ಅದು ಹೆಚ್ಚಾಗಿ ಬರುತ್ತಿದ್ದುದು ನಡುರಾತ್ರಿ. ಬ್ಯಾಟರಿ ಹಿಡಿದು ಹೊರಟು, ಎರಡು ಮೂರು ಗಂಟೆ ನೀರು ಕಟ್ಟಿ ಬಂದು ಮಲಗುತ್ತಿದ್ದರು. ಬೆಳಿಗ್ಗೆ ನಾಲ್ಕಕ್ಕೆ ಮತ್ತೆ ಎದ್ದಿರುತ್ತಿದ್ದರು. ಈ ಮನುಷ್ಯ ನಿದ್ದೆ ಮಾಡುವುದು ಯಾವಾಗ ಅಂತ ಅಮ್ಮ ಜೀವಮಾನವೆಲ್ಲ ಕೇಳಿದರು. ಆ ದುಡಿಮೆಯಲ್ಲೇ ಅಕ್ಕನ ಮದುವೆ ಆಯಿತು, ನನ್ನ ಓದು ಮುಗಿಯಿತು, ಚಿಕ್ಕಪ್ಪನ ಸಾಲ ತೀರಿತು. ಅರವತ್ತಕ್ಕೆ ಬ್ಯಾಂಕಿನವರು ಬಂದೂಕು ವಾಪಸ್ ತಗೊಂಡರು. ಗುದ್ದಲಿಯನ್ನು ಯಾರೂ ವಾಪಸ್ ಕೇಳುವ ಹಾಗಿರಲಿಲ್ಲ. ಎಪ್ಪತ್ತೈದರ ತನಕ ಬದುಗಳನ್ನು ತಾವೇ ಸರಿಮಾಡಿಕೊಂಡರು.

ನಾಲ್ಕಕ್ಕೆ ಯಾಕೆ ಏಳುತ್ತಿದ್ದರು ಅಂತ ನಿನಗೆ ಗೊತ್ತು. ಎಷ್ಟೋ ಸಲ ನಮ್ಮ ಮನೆಯಲ್ಲೇ ಮಲಗಿದ್ದೀಯ. ತಣ್ಣೀರು ಸ್ನಾನ, ವಿಭೂತಿ, ಆಮೇಲೆ ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು. ಎಡ ಅಂಗೈ ಮೇಲೆ ಇಷ್ಟಲಿಂಗ. ಒಂದು ಸಣ್ಣ ದೀಪ. ಲಿಂಗದ ಕಪ್ಪು ಮೈ ಮೇಲೆ ಆ ದೀಪದ ಬೆಳಕಿನ ಒಂದು ಚುಕ್ಕೆ. ಅಷ್ಟನ್ನೇ ಎವೆಯಿಕ್ಕದೆ ನೋಡುತ್ತಿದ್ದರು. ಗಂಟೆ ಇಲ್ಲ, ಜೋರಾಗಿ ಮಂತ್ರ ಇಲ್ಲ. ದೇವರು ಅಂಗೈಯಲ್ಲೇ ಇರುವಾಗ ಕೂಗುವುದು ಯಾಕೆ ಅನ್ನುತ್ತಿದ್ದರು. ನಾನು ಹಾಸಿಗೆಯಲ್ಲಿ ಮಲಗಿಕೊಂಡೇ ಅವರ ಬೆನ್ನು ನೋಡುತ್ತಿದ್ದೆ. ಲಿಂಗ ಕಾಣುತ್ತಿರಲಿಲ್ಲ. ಮುಂದೆ ಚಾಚಿದ ಕೈ ಮಾತ್ರ ಕಾಣುತ್ತಿತ್ತು. ಅದು ಅಲುಗುತ್ತಿರಲಿಲ್ಲ.

ಇವೆಲ್ಲವೂ ಅವರಿಗೆ ಬೇರೆ ಬೇರೆ ಆಗಿರಲಿಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ಹೊಲಕ್ಕೆ ಹೋಗುವಾಗಲೂ ಮುಖದಲ್ಲಿ ಅದೇ ಕಳೆ ಇರುತ್ತಿತ್ತು. ಕಾಯಕ ಅನ್ನುವ ಮಾತನ್ನು ನಮ್ಮ ಕಡೆ ಎಲ್ಲರೂ ಆಡುತ್ತಾರೆ, ಅಲ್ವಾ? ಭಾಷಣದಲ್ಲಿ ಜಾಸ್ತಿ. ಅಪ್ಪ ಆ ಪದ ಬಳಸಿದ್ದನ್ನು ನಾನು ಕೇಳಿದ್ದು ಕಡಿಮೆ. "ಕೆಲಸ ಐತೆ" ಅನ್ನುತ್ತಿದ್ದರು, ಅಷ್ಟೇ. ಪೂಜೆಗೆ ಹೊತ್ತಾದರೂ ಹಾಗೇ ಅನ್ನುತ್ತಿದ್ದರು.

ಕಾಲೇಜಿಗೆ ಹೋದ ವರ್ಷ ನಾನು ಲಿಂಗ ತೆಗೆದಿಟ್ಟೆ. ಹಾಸ್ಟೆಲ್ಲಿನಿಂದ ರಜೆಗೆ ಬಂದಾಗ ಶರ್ಟಿನೊಳಗೆ ಶಿವದಾರ ಇಲ್ಲದ್ದು ಅಮ್ಮನಿಗೆ ಮೊದಲು ಕಂಡಿತು. ದೊಡ್ಡ ರಂಪ ಆಯಿತು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಪ್ಪ ಸಂಜೆ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಈಗ ಬೈಯುತ್ತಾರೆ ಅಂತ ನಾನು ಕಾಯುತ್ತಿದ್ದೆ. ಬಾವಿ ಕಟ್ಟೆ ಮೇಲೆ ಕೂತು, "ಕಟ್ಟಿಕೊಳ್ಳೋದು, ಬಿಡೋದು ನಿನ್ನದು. ಯಾರೋ ನೋಡ್ತಾರೆ ಅಂತ ಕಟ್ಟಿಕೊಳ್ಳಬೇಡ. ಯಾರೋ ನಗ್ತಾರೆ ಅಂತ ಬಿಡಬೇಡ. ಯೋಚನೆ ಮಾಡಿ ಬಿಟ್ಟಿದ್ದರೆ ಸರಿ" ಅಂದರು. ನಾನು ಬಿಟ್ಟದ್ದು ಯೋಚನೆ ಮಾಡಿಯೇ ಅಂತ ಹೇಳಿದೆ. ಅದು ಪೂರ್ತಿ ನಿಜ ಆಗಿರಲಿಲ್ಲ. ಹಾಸ್ಟೆಲ್ಲಿನಲ್ಲಿ ಒಬ್ಬ ನಕ್ಕಿದ್ದ. ಅಪ್ಪ ಮತ್ತೆ ಆ ಮಾತು ಎತ್ತಲೇ ಇಲ್ಲ. ನನ್ನ ಲಿಂಗವನ್ನು ತಮ್ಮ ಪೂಜೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು.

ಈಗ ಬ್ಯಾಂಕಿನ ವಿಷಯಕ್ಕೆ ಬರುತ್ತೇನೆ. ಅಪ್ಪ ಬಾಯಿ ಬಿಟ್ಟದ್ದು ಅಲ್ಲೇ.

ಪಿಂಚಣಿ ತಗೊಳ್ಳುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ತೋರಿಸಬೇಕಲ್ಲ, ಜೀವಿತ ಪ್ರಮಾಣ ಪತ್ರ. ಸಾಮಾನ್ಯವಾಗಿ ನವೆಂಬರಿನಲ್ಲಿ. ಮೊದಲೆಲ್ಲ ಬ್ಯಾಂಕಿಗೆ ಹೋಗಿ ಮುಖ ತೋರಿಸಿ ಕಾಗದಕ್ಕೆ ಸಹಿ ಹಾಕಿದರೆ ಮುಗಿಯುತ್ತಿತ್ತು. 2014ರಿಂದ ಆಧಾರ್ ಹಿಡಿದು ಬೆರಳು ಒತ್ತಿ ಕೊಡುವುದೂ ಬಂತು. 2022ರ ನವೆಂಬರ್. ಮಂಡಿ ನೋವು ಅಂತ ನಾನೇ ಕರೆದುಕೊಂಡು ಹೋಗಿದ್ದೆ. ಯಂತ್ರದ ಮೇಲೆ ಅಪ್ಪ ಹೆಬ್ಬೆರಳು ಇಟ್ಟರು. ತಗೊಳ್ಳಲಿಲ್ಲ. ಒರೆಸಿ ಇಟ್ಟರು. ತಗೊಳ್ಳಲಿಲ್ಲ. ಬಲಗೈ ಆಯಿತು, ಎಡಗೈ ಆಯಿತು. ಅಲ್ಲಿದ್ದ ಹುಡುಗಿ ಒಳ್ಳೆಯವಳು, ತಾಳ್ಮೆಯಿಂದ ಹತ್ತೂ ಬೆರಳು ನೋಡಿದಳು. "ಅಜ್ಜಾ, ನಿಮ್ಮ ಬೆರಳಲ್ಲಿ ಗೆರೆನೇ ಇಲ್ಲ, ಎಲ್ಲಾ ಸವೆದುಹೋಗಿದೆ" ಅಂದಳು. ನಾನು ಆ ಬೆರಳುಗಳನ್ನು ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ. ತುದಿಗಳು ನದಿಯಲ್ಲಿನ ಕಲ್ಲಿನ ಹಾಗೆ ನುಣ್ಣಗಾಗಿದ್ದವು.

ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು, ಸ್ವಲ್ಪ ಕೂತಿರಿ ಅಂದಳು. ಕೂತೆವು. ಅಪ್ಪ ಬೆರಳು ನೋಡಿಕೊಳ್ಳುತ್ತಲೇ ಇದ್ದರು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು, "ಈ ಬೆರಳಿಗೆ ಕಲ್ಲು ಯಾವುದು, ಬೇರು ಯಾವುದು, ಮೈನ್ ಯಾವುದು ಅಂತ ಕತ್ತಲಲ್ಲಿ ಗೊತ್ತಾಗ್ತಿತ್ತು."

1971ರ ಯುದ್ಧದಲ್ಲಿ ಅಪ್ಪ ಪಶ್ಚಿಮದ ಗಡಿಯಲ್ಲಿದ್ದರು ಅಂತ ನಮಗೆ ಗೊತ್ತಿತ್ತು. ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್ ಎರಡನ್ನೂ ಮುಟ್ಟಿ ನೋಡಿದ್ದೇವೆ. ಎಲ್ಲಿ, ಏನು ಅಂತ ಗೊತ್ತಿರಲಿಲ್ಲ. ಅವತ್ತು ಹೇಳಿದರು. ಪಾಕಿಸ್ತಾನದ ಶಕರಗಢದ ಕಡೆ, ಬಸಂತರ್ ಅಂತ ಒಂದು ನದಿ. ರಾವಿ ನದಿಗೆ ಸೇರುವಂಥದ್ದು. ಅದರ ಆಚೆ ಈಚೆ ಪಾಕಿಸ್ತಾನದವರು ಹೂತಿದ್ದ ಮೈನ್‌ಗಳು. ಡಿಸೆಂಬರ್ 15ರ ರಾತ್ರಿ ನಮ್ಮ ಪದಾತಿ ದಳ ನದಿ ದಾಟಿ ಆಚೆ ದಡ ಹಿಡಿದಿತ್ತು. ಬೆಳಗಾದರೆ ಶತ್ರು ಟ್ಯಾಂಕ್ ತಂದು ಮೇಲೆ ಬೀಳುವುದು ಖಂಡಿತ. ಅಷ್ಟರೊಳಗೆ ನಮ್ಮ ಟ್ಯಾಂಕ್‌ಗಳು ಆಚೆಗೆ ಹೋಗಬೇಕು. ಹೋಗಬೇಕಾದರೆ ಮೈನ್ ತೆಗೆದ ಒಂದು ದಾರಿ ಬೇಕು. ಆ ದಾರಿ ಮಾಡುವುದು ಸ್ಯಾಪರ್‌ಗಳ ಕೆಲಸ.

"ಹೊಟ್ಟೆ ಮೇಲೆ ಮಲಗಬೇಕು" ಅಂದರು ಅಪ್ಪ. ಬ್ಯಾಂಕಿನ ಟೋಕನ್ ನಂಬರ್ ಕೂಗುತ್ತಿತ್ತು, ಅವರಿಗೆ ಕೇಳಿಸುತ್ತಿರಲಿಲ್ಲ. "ಸಲಾಕಿ ಓರೆಯಾಗಿ ಮಣ್ಣಿಗೆ ತೂರಿಸಬೇಕು. ನೆಟ್ಟಗೆ ಚುಚ್ಚಿದರೆ ಅದರ ನೆತ್ತಿ ಮೇಲೇ ಒತ್ತಿದ ಹಾಗೆ. ಓರೆಗೆ ಹೋದರೆ ಪಕ್ಕಕ್ಕೆ ತಾಗುತ್ತೆ. ಏನಾದರೂ ತಾಗಿದರೆ ನಿಲ್ಲಿಸಬೇಕು. ಕೈಯಲ್ಲಿ ಮಣ್ಣು ಬಿಡಿಸಬೇಕು. ಟ್ಯಾಂಕಿನ ಮೈನ್ ಮನುಷ್ಯನ ಭಾರಕ್ಕೆ ಸಿಡಿಯಲ್ಲ. ಆದರೆ ಅದನ್ನು ತೆಗೆಯೋಕೆ ಬರೋರಿಗೆ ಅಂತ ಮಧ್ಯೆ ಮಧ್ಯೆ ಚಿಕ್ಕದು ಇಟ್ಟಿರ್ತಾರೆ. ಅದಕ್ಕೆ ಒಂದು ಕಾಲು ಸಾಕು. ಚಳಿಗೆ ಬೆರಳು ಮರಗಟ್ಟಿದರೆ ಕೆಲಸ ಕೆಟ್ಟಿತು. ಕಂಕುಳಲ್ಲಿ ಇಟ್ಟು ಬಿಸಿ ಮಾಡಿಕೊಂಡು ಮತ್ತೆ ಶುರು ಮಾಡ್ತಿದ್ದೆವು. ಮೇಲೆ ಶೆಲ್ ಬೀಳ್ತಾನೇ ಇರ್ತಿತ್ತು. ಅದನ್ನು ನೋಡ್ತಾ ಕೂತರೆ ಬೆರಳಿನ ಮೇಲೆ ಗಮನ ಇರಲ್ಲ."

ನಾನು ಕೇಳಿದೆ, "ಹೆದರಿಕೆ ಆಗಲಿಲ್ವಾ ಅಪ್ಪ?"

"ಆಯಿತು. ಆದರೆ ಮಲಗಿದ್ದೆನಲ್ಲ, ಲಿಂಗ ಎದೆಗೆ ಒತ್ತುತ್ತಿತ್ತು. ಒಂದೊಂದು ಅಡಿ ಮುಂದೆ ಹೋದಾಗಲೂ ಒತ್ತುತ್ತಿತ್ತು. ಇದಾನೆ ಅಂತ ಗೊತ್ತಾಗ್ತಿತ್ತು."

ಆ ಲಿಂಗಕ್ಕೆ ಕರಡಿಗೆ, ಅಂದರೆ ಲಿಂಗ ಇಡುವ ಭರಣಿ, ಇರಲಿಲ್ಲ. ನಮ್ಮಜ್ಜಿ ಕೊಟ್ಟ ಬೆಳ್ಳಿ ಕರಡಿಗೆ ಇತ್ತು, ಆದರೆ ಮೈನ್ ಕೆಲಸದಲ್ಲಿ ಮೈ ಮೇಲೆ ಲೋಹ ಇರಬಾರದು. ಹುಡುಕುವ ಯಂತ್ರ ಅದಕ್ಕೂ ಕೂಗಿಬಿಡುತ್ತದೆ. ಅದಕ್ಕೇ ಕರಡಿಗೆ ತೆಗೆದಿಟ್ಟು, ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಂಡಿದ್ದರಂತೆ. ಆಮೇಲೆ ಜೀವನ ಪೂರ್ತಿ ಹಾಗೇ ಬಟ್ಟೆಯಲ್ಲೇ ಕಟ್ಟಿಕೊಂಡರು. ಬೆಳ್ಳಿ ಹಾಕಿಕೊಳ್ಳದ್ದು ಬಡತನಕ್ಕೆ ಅಂತ ನಾನು ಅಲ್ಲಿಯವರೆಗೂ ಅಂದುಕೊಂಡಿದ್ದೆ.

ದಾರಿ ಮುಗಿಯಲಿಲ್ಲ ಗೆಳೆಯಾ. ಇದನ್ನು ನಾನು ಆಮೇಲೆ ಓದಿಯೂ ತಿಳಿದುಕೊಂಡೆ. ಸ್ಯಾಪರ್‌ಗಳು ಮೈನ್ ತೆಗೆಯುವ ಕೆಲಸ ಅರ್ಧದಲ್ಲಿದ್ದಾಗಲೇ ಆಚೆ ದಡದಿಂದ ಕರೆ ಬಂತು, ಶತ್ರು ಟ್ಯಾಂಕ್‌ಗಳ ಸದ್ದು ಕೇಳಿಸುತ್ತಿದೆ ಅಂತ. 17 ಪೂನಾ ಹಾರ್ಸ್ ರೆಜಿಮೆಂಟಿನವರು ಇನ್ನು ಕಾಯುವುದಿಲ್ಲ ಅಂದರು. ತೆಗೆಯದೆ ಉಳಿದಿದ್ದ ಮೈನ್‌ಗಳ ಮಧ್ಯೆಯೇ ಟ್ಯಾಂಕ್ ನುಗ್ಗಿಸಿಕೊಂಡು ದಾಟಿದರು. ಆ ರೆಜಿಮೆಂಟಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಇದ್ದರು. ವಯಸ್ಸು 21. ಮಾರನೇ ದಿನ, ಡಿಸೆಂಬರ್ 16ರಂದು, ಉರಿಯುತ್ತಿದ್ದ ಟ್ಯಾಂಕ್ ಬಿಟ್ಟು ಬರಲು ಒಪ್ಪದೆ ಹೋರಾಡಿ ತೀರಿಕೊಂಡರು. ಪರಮ ವೀರ ಚಕ್ರ ಬಂತು. ಮೈನ್ ತೆಗೆಯುವ ಕೆಲಸ ಮುಂದೆ ನಿಂತು ನಡೆಸಿದ 9 ಎಂಜಿನಿಯರ್ ರೆಜಿಮೆಂಟಿನ ಮೇಜರ್ ವಿಜಯ್ ರತನ್ ಚೌಧರಿ ಅವರೂ ಆ ಯುದ್ಧದಲ್ಲೇ ಹೋದರು. ಅವರಿಗೆ ಮಹಾವೀರ ಚಕ್ರ.

"ನನಗಿಂತ ಒಂದು ವರ್ಷ ಚಿಕ್ಕವನು ಆ ಖೇತರ್‌ಪಾಲ್ ಸಾಹೇಬ" ಅಂದರು ಅಪ್ಪ. "ನಾವು ಅರ್ಧ ದಾರಿ ಮಾಡಿದ್ದೆವು. ಅವರು ಪೂರ್ತಿ ಹೋದರು."

ಇನ್ನೇನೂ ಹೇಳಲಿಲ್ಲ. ಹೇಳುವುದೂ ಬೇಕಿರಲಿಲ್ಲ. ಡಿಸೆಂಬರ್ 16, ಗುಂಡಿ, ದಪ್ಪ ಕಲ್ಲು, ಸಣ್ಣ ಕಲ್ಲು, ಗರಸು. ನೀನು ಸುರಿದ ಮಣ್ಣನ್ನು ತೆಗೆದು ಮತ್ತೆ ಮೊದಲಿಂದ ಶುರು ಮಾಡಿದ್ದು. ಎಲ್ಲ ಒಟ್ಟಿಗೆ ಬಂದು ನನ್ನ ಎದೆಗೆ ಗುದ್ದಿತು. ಅವರು ಮಾಡಿದ ತಪ್ಪೇನೂ ಅಲ್ಲಿ ಇರಲಿಲ್ಲ. ಹೊತ್ತು ಸಾಲಲಿಲ್ಲ, ಅಷ್ಟೇ. ಅದನ್ನು ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಆ ಹುಡುಗಿ ಮೊಬೈಲ್ ಹಿಡಿದು ಬಂದಳು.

ಅಪ್ಪನ ಮುಖದ ಮುಂದೆ ಹಿಡಿದಳು. "ಇಲ್ಲೇ ನೋಡಿ ಅಜ್ಜಾ. ಕಣ್ಣು ಮಿಟುಕಿಸಿ" ಅಂದಳು. ಬದುಕಿದ್ದಾರೆ ಅಂತ ಅದಕ್ಕೆ ಗೊತ್ತಾಗುವುದು ಹಾಗೇ. ಅಪ್ಪ ನೆಟ್ಟ ದೃಷ್ಟಿಯಲ್ಲಿ ನೋಡುತ್ತಲೇ ಇದ್ದರು. ಅಭ್ಯಾಸ. "ಮಿಟುಕಿಸಿ ಅಜ್ಜಾ" ಅಂತ ಮತ್ತೆ ಹೇಳಿದಳು. ನಾನು ಅವರ ಭುಜ ಮುಟ್ಟಿದೆ. ಆಗ ಕಣ್ಣು ಮುಚ್ಚಿ ತೆಗೆದರು. ಕೆನ್ನೆ ಮೇಲೆ ನೀರು ಇಳಿಯಿತು. ಹುಡುಗಿ ಗಾಬರಿಯಾದಳು. "ಏನಿಲ್ಲಮ್ಮ, ಕೆಲಸ ಆಯ್ತಾ?" ಅಂತ ಅವರೇ ಕೇಳಿದರು.

ಅವತ್ತು ಬಸ್ಸಿನಲ್ಲಿ ಬರುವಾಗ ಇನ್ನೊಂದು ವಿಷಯ ಹೇಳಿದರು. ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದದ್ದು 16ಕ್ಕೆ. ಪಶ್ಚಿಮದಲ್ಲಿ ಗುಂಡು ನಿಂತದ್ದು 17ರ ರಾತ್ರಿ. ಸ್ಯಾಪರ್‌ಗಳಿಗೆ ಅಲ್ಲಿಗೂ ಮುಗಿಯಲಿಲ್ಲ. ಹೂತ ಮೈನ್‌ಗಳಿಗೆ ಯುದ್ಧ ಮುಗಿದದ್ದು ಗೊತ್ತಿಲ್ಲವಲ್ಲ. ನಮ್ಮವರೇ ಗಡಿ ಕಾಯಲು ಹೂತಿದ್ದವೂ ಇದ್ದವು. ಅವು ಇದ್ದದ್ದು ರೈತರ ಹೊಲಗಳಲ್ಲಿ. ಪೇಪರಿನಲ್ಲಿ ಯುದ್ಧದ ಸುದ್ದಿ ನಿಂತ ಮೇಲೂ ಇವರು ತಿಂಗಳುಗಟ್ಟಲೆ ಅದೇ ಸಲಾಕಿ ಹಿಡಿದು ಮಲಗಿದ್ದರು. ಅಪ್ಪನ ಜೊತೆ ಜೋಡಿಯಾಗಿ ಕೆಲಸ ಮಾಡುತ್ತಿದ್ದವರು ಒಬ್ಬ ತಮಿಳಿನವರು, ಕ್ರೈಸ್ತರು. ಕೆಲಸಕ್ಕೆ ಇಳಿಯುವ ಮೊದಲು ತಮ್ಮ ಕೊರಳಿನ ಶಿಲುಬೆ ತೆಗೆದು ಒಂದು ತಟ್ಟೆಯಲ್ಲಿ ಇಡುತ್ತಿದ್ದರು. ಅಪ್ಪನ ಕರಡಿಗೆಯೂ ಅದೇ ತಟ್ಟೆಯಲ್ಲಿ. ಯುದ್ಧದಲ್ಲಿ ಒಂದು ಗೀರೂ ಆಗದ ಆ ಮನುಷ್ಯ 1972ರಲ್ಲಿ, ಒಬ್ಬ ರೈತನ ಗೋಧಿ ಹೊಲದಲ್ಲಿ, ಬಲಗಾಲಿನ ಪಾದ ಕಳೆದುಕೊಂಡರು. ಪುಣೆಯ ಕೃತಕ ಕಾಲಿನ ಕೇಂದ್ರದಲ್ಲಿ ಕಾಲು ಹಾಕಿದರು. ಅಪ್ಪ ರಜೆ ಸಿಕ್ಕ ತಕ್ಷಣ ಮೊದಲು ಹೋದದ್ದು ಪುಣೆಗೆ, ಆ ಶಿಲುಬೆ ಕೊಡುವುದಕ್ಕೆ. ನಮ್ಮಜ್ಜಿ ಯುದ್ಧ ಮುಗಿಸಿ ಬರುವ ಮಗನಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದರೆ, ಮಗ ಎರಡು ದಿನ ತಡವಾಗಿ ಬಂದ.

ಪ್ರತಿ ವರ್ಷ ಕ್ರಿಸ್‌ಮಸ್ ಹೊತ್ತಿಗೆ ನಮ್ಮ ಮನೆಗೆ ತಮಿಳಿನಲ್ಲಿ ಒಂದು ಕಾಗದ ಬರುತ್ತಿತ್ತಲ್ಲ, ಸ್ಟ್ಯಾಂಪಿಗಾಗಿ ನೀನು ಕಿತ್ತುಕೊಳ್ಳುತ್ತಿದ್ದೆ, ಅದು ಅವರದ್ದು. ಆ ಕಾಗದ ಓದುವುದಕ್ಕೇ ಅಪ್ಪ ತಮಿಳು ಅಕ್ಷರ ಕಲಿತರಂತೆ. ಅವರೂ ಈಗ ಇಲ್ಲ.

ಇನ್ನು ಕೊನೆಯದು. ಹೋದ ಜೂನ್. ಬೆಳಗಿನ ಜಾವ ಸ್ನಾನಕ್ಕೆ ಎದ್ದವರು ಬಚ್ಚಲು ಬಾಗಿಲಲ್ಲೇ ಕುಸಿದರು. ಲಕ್ವ ಹೊಡೆದಿತ್ತು, ಎಡಭಾಗಕ್ಕೆ. ಮಾತು ಹೋಯಿತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ಅದನ್ನೆಲ್ಲ ಬರೆಯುವುದು ಬೇಡ.

ಮೂರನೇ ದಿನ ಬೆಳಿಗ್ಗೆ ನಾಲ್ಕು ಗಂಟೆಗೆ ನನಗೆ ಎಚ್ಚರವಾಯಿತು. ಅಪ್ಪ ಎದ್ದಿದ್ದರು. ಬಲಗೈಯಲ್ಲಿ ಎಡಗೈ ಹಿಡಿದು ಎಳೆಯುತ್ತಿದ್ದರು. ಎಡ ಅಂಗೈ ಮುಷ್ಟಿ ಬಿಗಿದುಕೊಂಡಿತ್ತು. ಅದನ್ನು ಬಿಡಿಸಲು ಒಂದೊಂದೇ ಬೆರಳು ಹಿಡಿದು ನೋಡುತ್ತಿದ್ದರು. ಬಿಡಿಸಿದರೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ನನಗೆ ಒಂದು ಕ್ಷಣ ಅರ್ಥ ಆಗಲಿಲ್ಲ. ಆಮೇಲೆ ಆಯಿತು. ಪೂಜೆ ಹೊತ್ತು. ಲಿಂಗ ಇಡಲು ಅಂಗೈ ಇಲ್ಲ.

ಇಷ್ಟಲಿಂಗ ಬೇರೆಯವರು ಮುಟ್ಟುವುದಲ್ಲ, ನಿನಗೆ ಗೊತ್ತು. ಅದರಲ್ಲೂ ನಾನು, ಕಟ್ಟಿಕೊಳ್ಳದವನು. ಕೈ ತೊಳೆದುಕೊಂಡು ಬಂದೆ. ಅವರ ಮುಂದೆ ನನ್ನ ಎಡ ಅಂಗೈ ಚಾಚಿದೆ. ಏನೂ ಹೇಳಲಿಲ್ಲ. ಹೇಳಲು ಏನು ಅಂತಲೂ ತಿಳಿಯಲಿಲ್ಲ. ಅಪ್ಪ ನನ್ನ ಕೈ ನೋಡಿದರು, ನನ್ನ ಮುಖ ನೋಡಿದರು. ತುಂಬಾ ಹೊತ್ತು. ಬೇಡ ಅಂದರೆ ಕೈ ಹಿಂದಕ್ಕೆ ತಗೊಳ್ಳೋಣ ಅಂದುಕೊಂಡಿದ್ದೆ. ಆಮೇಲೆ ಅವರು ಬಲಗೈಯಿಂದ ಎದೆ ಮೇಲಿನ ಬಟ್ಟೆ ಗಂಟು ತೋರಿಸಿದರು. ಬಿಚ್ಚು ಅಂತ.

ಬಿಚ್ಚಿದೆ. ಬಟ್ಟೆ ಅವರ ಮೈಯ ಬಿಸಿಗೆ ಬೆಚ್ಚಗಿತ್ತು. ಅವರೇ ಲಿಂಗ ತೆಗೆದು ನನ್ನ ಅಂಗೈ ಮೇಲೆ ಇಟ್ಟರು. ಅದರ ಭಾರ ಅಷ್ಟು ಇರುತ್ತದೆ ಅಂತ ನನಗೆ ಮರೆತುಹೋಗಿತ್ತು. ಅಮ್ಮ ತಂದಿಟ್ಟಿದ್ದ ವಿಭೂತಿ ಇತ್ತು, ಬೆರಳಲ್ಲಿ ಮುಟ್ಟಿ ಹಚ್ಚಿದರು. ದೀಪ ಹಚ್ಚುವ ಹಾಗಿರಲಿಲ್ಲ. ವಾರ್ಡಿನ ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಸಣ್ಣ ಚುಕ್ಕೆಯಾಗಿ ನಿಂತಿತ್ತು. ಅಪ್ಪ ಅದನ್ನೇ ನೋಡುತ್ತಾ ಮಲಗಿದರು. ನಾನು ಕೈ ಅಲುಗಿಸದೆ ಹಿಡಿದುಕೊಂಡಿದ್ದೆ. ಹತ್ತು ನಿಮಿಷಕ್ಕೆ ತೋಳು ನೋಯತೊಡಗಿತು. ಇಪ್ಪತ್ತು ನಿಮಿಷಕ್ಕೆ ನಡುಗತೊಡಗಿತು. ಎಪ್ಪತ್ತಾರು ವರ್ಷದ ಮನುಷ್ಯ ಇದನ್ನು ದಿನಾ ಹೇಗೆ ಹಿಡಿಯುತ್ತಿದ್ದರು? ಆಗ ಅಪ್ಪ ತಮ್ಮ ಬಲಗೈಯನ್ನು ನನ್ನ ಮೊಣಕೈ ಕೆಳಗೆ ತಂದು ಆಸರೆ ಕೊಟ್ಟರು. ಆ ಬೆರಳು, ಗೆರೆ ಇಲ್ಲದ್ದು, ನನ್ನ ಚರ್ಮದ ಮೇಲೆ ನುಣ್ಣಗೆ ಇತ್ತು.

ಆರು ದಿನ ಹಾಗೆ ಮಾಡಿದೆವು. ನಾನು ಅವತ್ತಿನಿಂದ ಭಕ್ತನಾದೆ ಅಂತ ನಿನಗೆ ಹೇಳಲಾರೆ. ಹಾಗೆ ಹೇಳಿದರೆ ಅಪ್ಪನಿಗೇ ಇಷ್ಟ ಆಗುತ್ತಿರಲಿಲ್ಲ. ಆದರೆ ಆ ಆರು ಬೆಳಗು ನನ್ನ ಬದುಕಿನಲ್ಲಿ ಬೇರೆಯೇ. ನನಗೆ ಗೊತ್ತಿಲ್ಲದ ಒಂದು ಮನೆಯ ಬಾಗಿಲು ತೆಗೆದು ಅಪ್ಪ ನನ್ನನ್ನು ಒಳಗೆ ಕೂರಿಸಿದ ಹಾಗಿತ್ತು. ಕೊನೇಲಿ ಏನಾದ್ರೂ ಹೇಳಿದ್ರಾ ಅಂತ ಕೇಳಿದೆಯಲ್ಲ, ಇದೇ.

ಒಂಬತ್ತನೇ ದಿನ ಮಧ್ಯಾಹ್ನ ಹೋದರು. ನಮ್ಮ ಪದ್ಧತಿಯಂತೆ ಕೂರಿಸಿದ ಹಾಗೇ ಸಮಾಧಿ ಮಾಡಿದೆವು, ನಮ್ಮ ಹೊಲದಲ್ಲೇ, ಅವರೇ ಕಟ್ಟಿದ ಬದುವಿನ ಪಕ್ಕ. ಎಡ ಅಂಗೈ ಆವಾಗ ಸಡಿಲವಾಗಿತ್ತು. ಲಿಂಗ ಅಲ್ಲೇ ಕೂತಿತು. ಮಾಜಿ ಸೈನಿಕರು ಎಂಟು ಹತ್ತು ಜನ ಬಂದಿದ್ದರು, ಬಾವುಟ ಹೊದಿಸಿ ಸೆಲ್ಯೂಟ್ ಹೊಡೆದರು. ಹಲಸೂರಿನಲ್ಲಿ ಜೊತೆಗೆ ಟ್ರೈನಿಂಗ್ ಆಗಿದ್ದ ಒಬ್ಬರು, ಎಂಬತ್ತರ ಹತ್ತಿರದವರು, ಮೊಮ್ಮಗನ ಹೆಗಲು ಹಿಡಿದು ನಿಂತಿದ್ದರು. ಮಣ್ಣು ಹಾಕುವಾಗ ಮೆಲ್ಲಗೆ "ಪೋ ತಂಬಿ" ಅಂದರು. ಹೋಗು ತಮ್ಮಾ, ಅಂತ. ಅಲ್ಲಿಯ ತನಕ ನಾನು ತಡೆದುಕೊಂಡಿದ್ದೆ.

ಬೆಳ್ಳಿ ಕರಡಿಗೆ ಪೂಜೆಯ ಪೆಟ್ಟಿಗೆಯಲ್ಲಿ ಸಿಕ್ಕಿತು. ತೆಗೆದು ನೋಡಿದರೆ ಒಳಗೆ ನನ್ನ ಲಿಂಗ. ವಿಭೂತಿ ಹಚ್ಚಿತ್ತು, ಹೊಸದು. ನಾನು ಬಿಟ್ಟ ಮೇಲೂ ಅದಕ್ಕೆ ದಿನಾ ಪೂಜೆ ನಡೆಯುತ್ತಿತ್ತು ಅಂತ ಅಮ್ಮ ಹೇಳಿದರು. ಏನು ಮಾಡಬೇಕು ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಮೇಜಿನ ಮೇಲೆ, ಈ ಕಾಗದದ ಪಕ್ಕದಲ್ಲೇ ಇದೆ.

ಈಗ ಡಿಸೆಂಬರ್. ಶಾಲೆ ದಾರಿಗೆ ಸಿಮೆಂಟು ಬಂದು ವರ್ಷಗಳಾದವು. ಅಲ್ಲಿ ಗುಂಡಿ ಇಲ್ಲ. ಆಮೇಲೂ ಅಪ್ಪ ಬಿಟ್ಟಿರಲಿಲ್ಲ. ಕೆರೆ ಏರಿಯಿಂದ ನಮ್ಮ ಹೊಲದ ಕಡೆ ಹೋಗುವ ಮಣ್ಣಿನ ದಾರಿ ಹಿಡಿದಿದ್ದರು. ವರ್ಷಕ್ಕೆ ಸ್ವಲ್ಪ ಸ್ವಲ್ಪ. ಮೊನ್ನೆ ಹೋಗಿ ನೋಡಿದೆ. ಹುಣಸೇಮರದ ತನಕ ಗಟ್ಟಿಯಾಗಿದೆ, ಈ ಸಲದ ಮಳೆಗೂ ಕದಲಿಲ್ಲ. ಅಲ್ಲಿಂದ ಮುಂದೆ ಗುಂಡಿಗಳೇ. ಮರದ ಬುಡದಲ್ಲಿ ಅವರು ಒಟ್ಟಿದ್ದ ಕಲ್ಲು ಹಾಗೇ ಇವೆ, ದಪ್ಪದ್ದು ಒಂದು ಕಡೆ, ಸಣ್ಣದು ಒಂದು ಕಡೆ.

16ಕ್ಕೆ ರಜೆ ಹಾಕಿದ್ದೇನೆ. ನೀನು ಬರೋಕಾದರೆ ಬಾ. ಗುದ್ದಲಿ ಎರಡಿವೆ.

ನಿನ್ನವನು